ಅಧ್ಯಕ್ಷರ ಕರಡಿನೊಳಗೆ ಮೆಣಸಿನಕಾಯಿ

ನುಸಿಗುಳಿಗೆಯ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ನೆನಪಾಗುವುದು ಬಟ್ಟೆಯಲ್ಲ, ಗೋಲಿ. ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿತ್ತು. ಪ್ರತಿ ಸಲವೂ ಅಮ್ಮ ಕಬ್ಬಿಣದ ಟ್ರಂಕಿನ ತಳಕ್ಕೆ ಹಳೇ ಪೇಪರು ಹಾಸಿ, ಮೂಲೆಗೊಂದು ನುಸಿಗುಳಿಗೆ ಇಟ್ಟು, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿಚಾರಣೆ ಶುರು ಮಾಡುತ್ತಿದ್ದಳು. ಇದು ಬೇಕು, ಇದು ಬೇಡ, ಇದು ಯಾಕೆ ಬೇಕು ಹೇಳು ನೋಡೋಣ. ಅಕ್ಕನ ಗಾಜಿನ ಗೋಲಿಗಳು ಯಾವತ್ತೂ ಬೇಡದ ರಾಶಿಗೇ ಹೋಗುತ್ತಿದ್ದವು. ಒಂದು ಸಲ ಅಕ್ಕ ಅವನ್ನೆಲ್ಲ ಅಪ್ಪನ ಉಣ್ಣೆ ಕೋಟಿನ ಅಸ್ತರಿನೊಳಗೆ ಇಳಿಬಿಟ್ಟು, ಹರಿದ ಸಂದಿಗೆ ಪಿನ್ನು ಚುಚ್ಚಿ, ಬಾಯಿಗೆ ಬೀಗ ಹಾಕಿಕೊಂಡು ಕುಳಿತಳು. ಹೊಸ ಊರಿನ ಆಫೀಸಿನಲ್ಲಿ ಅಪ್ಪ ಮೇಲಧಿಕಾರಿಯ ಕೈ ಕುಲುಕಲು ಬಗ್ಗಿದರಂತೆ. ಪಿನ್ನು ಕಿತ್ತುಬಂತು. ಗೋಲಿಗಳು ನೆಲದ ತುಂಬ ಓಡಿದವು. ಅಪ್ಪ ಬೈಯಲಿಲ್ಲ. ಅಧಿಕಾರಿಯೂ ತಾವೂ ಮಂಡಿಯೂರಿ ಮೇಜಿನ ಕೆಳಗೆ ನುಗ್ಗಿ ಒಂದೊಂದನ್ನೇ ಹೆಕ್ಕಿ, ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದು, ಅಮ್ಮ ನೋಡದ ಹಾಗೆ ಅಕ್ಕನ ಕೈಗೆ ಕೊಟ್ಟರು.

ಆ ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಬುದ್ಧಿ ಮಾತ್ರ ಗೋಲಿಯ ವಯಸ್ಸಿನಲ್ಲೇ ನಿಂತಿದೆ. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಅವಳ ಲೋಕವೆಂದರೆ ಮಂಚ, ಮಂಚದಿಂದ ಕಿಟಕಿಯ ಪಕ್ಕದ ಕುರ್ಚಿ, ತೊಡೆಯ ಮೇಲೊಂದು ಲ್ಯಾಪ್‌ಟಾಪು. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅಡುಗೆ, ಅಂಗಡಿ, ಹೊರಗಿನ ಓಡಾಟ ನನ್ನದು, ಮಾತು ಅವಳದು.

ನಮ್ಮ ಬಡಾವಣೆಯಲ್ಲಿ 'ಕುಂಡದ ಬಳಗ' ಎಂದು ಒಂದು ಸಂಘವಿದೆ. ಮಣ್ಣಿನ ನೆಲವಿಲ್ಲದವರು ತಾರಸಿಯಲ್ಲಿ, ಬಾಲ್ಕನಿಯಲ್ಲಿ, ಮೆಟ್ಟಿಲ ಮೇಲೆ ಕುಂಡ ಇಟ್ಟುಕೊಂಡು ಗಿಡ ಬೆಳೆಸುತ್ತೇವೆ. ಬೀಜ, ಕಡ್ಡಿ, ಗೊಬ್ಬರ ಹಂಚಿಕೊಳ್ಳುತ್ತೇವೆ. ಬಳಗಕ್ಕೊಂದು ವೆಬ್‌ಸೈಟು. ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ನಾನು ಸುಮ್ಮನಿರಲಾರದೆ ಕಂಪ್ಯೂಟರ್ ತರಗತಿಗೆ ಹೋಗಿದ್ದೆ. ಅದೇ ತಪ್ಪಾಯಿತು, ಕಾರ್ಯದರ್ಶಿಯ ಕೆಲಸವೂ ವೆಬ್‌ಸೈಟಿನ ಉಸ್ತುವಾರಿಯೂ ನನ್ನ ತಲೆಗೇ ಬಂದವು. ಸದಸ್ಯರು ತಮ್ಮ ಗಿಡದ ಫೋಟೋ ಹಾಕುತ್ತಾರೆ. ಕೆಳಗೆ ಯಾರು ಬೇಕಾದರೂ ಅನಿಸಿಕೆ ಬರೆಯಬಹುದು. ಹೆಸರು ಹೇಳಲೇಬೇಕೆಂದಿಲ್ಲ.

ಅಲ್ಲಿ 'ಮೆಣಸಿನಕಾಯಿ' ಎಂಬ ಅಡ್ಡಹೆಸರಿನಲ್ಲಿ ಬರೆಯುವವರು ಒಬ್ಬರಿದ್ದರು. ಅವರೆಂದರೆ ಇಡೀ ಬಳಗಕ್ಕೆ ಪ್ರೀತಿ, ಒಳಗೊಳಗೇ ಹೆದರಿಕೆ. "ಎಲೆ ಮುರುಟಿದೆ, ಏನು ಮಾಡಲಿ" ಎಂದು ಯಾರಾದರೂ ಕೇಳಿದರೆ, "ಎಲೆ ತಿರುಗಿಸಿ ನೋಡಿ, ಅಡಿಯಲ್ಲಿ ಹುಳುಗಳು ಸಂಸಾರ ಹೂಡಿವೆ, ನಿಮ್ಮಿಂದ ಬಾಡಿಗೆ ಕೇಳುವ ಮೊದಲು ಒಕ್ಕಲೆಬ್ಬಿಸಿ" ಎಂದು ಉತ್ತರ ಬರುತ್ತಿತ್ತು. ಬೈಗುಳ ಒಂದು ಸಾಲು, ಮದ್ದು ನಾಲ್ಕು ಸಾಲು. ಮೆಣಸಿನಕಾಯಿಯ ತಾರಸಿ ಹೇಗಿರಬಹುದು ಎಂದು ಎಲ್ಲರೂ ಊಹಿಸಿಕೊಳ್ಳುತ್ತಿದ್ದರು. ದೊಡ್ಡ ಹಸಿರುಮನೆಯೇ ಇರಬೇಕು ಎಂದು ಹಲ್ಲಿನ ಡಾಕ್ಟರಮ್ಮ ಪಣ ಕಟ್ಟಿದ್ದರು.

ಮೆಣಸಿನಕಾಯಿ ನಮ್ಮ ಅಕ್ಕ. ಜೀವಮಾನದಲ್ಲಿ ಅವಳು ಒಂದು ಕೊತ್ತಂಬರಿ ಗಿಡವನ್ನೂ ಬೆಳೆಸಿದವಳಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿ ತಲೆ ಬೆಳ್ಳಗಾದವಳು. ತೋಟಗಾರಿಕೆಯ ಪುಸ್ತಕಗಳನ್ನು ಅದೆಷ್ಟು ತಿದ್ದಿದ್ದಳೋ, ಎಲ್ಲವೂ ಬಾಯಿಗೆ ಬರುತ್ತವೆ. ಫೋಟೋ ಕಂಡರೆ ಮೂಗು ತಾಗುವಷ್ಟು ಹತ್ತಿರ ಹೋಗಿ ತಪ್ಪು ಹುಡುಕುತ್ತಾಳೆ, ಹಳೇ ಚಾಳಿ.

ಆ ಚಾಳಿಯಿಂದಲೇ ಹೋದ ವರ್ಷ ಒಂದು ಪ್ರಮಾದವಾಯಿತು. ನಮ್ಮ ಅಧ್ಯಕ್ಷರು ತಮ್ಮ ಮನೆಯ ಆರ್ಕಿಡ್ ಹೂವಿನ ಫೋಟೋ ಹಾಕಿ, "ತಿಂಗಳುಗಳಿಂದ ಬಾಡದೆ ನಿಂತಿದೆ, ಆರೈಕೆಯೇ ಕಾರಣ" ಎಂದು ಬರೆದರು. ಮರುಕ್ಷಣವೇ ಮೆಣಸಿನಕಾಯಿ: "ಅಧ್ಯಕ್ಷರೇ, ಎಸಳಿನ ಅಂಚಿನಲ್ಲಿ ಅಚ್ಚಿನ ಗೆರೆ ಕಾಣುತ್ತಿದೆ. ಈ ತಳಿಗೆ ನೀರು ಬೇಕಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಂಗಡಿಯ ವಿಳಾಸ ಕೊಡಿ, ನನಗೂ ಒಂದು ಬೇಕು."

ಫೋಟೋ ದೊಡ್ಡದು ಮಾಡಿ ನೋಡಿದರೆ ಗೆರೆ ಇತ್ತು. ಪ್ಲಾಸ್ಟಿಕ್ ಹೂವು. ಬಡಾವಣೆ ಬಿದ್ದು ಬಿದ್ದು ನಕ್ಕಿತು. ಅದರ ಕೆಳಗೆ ಇನ್ನೂ ಹಲವರು ಏನೇನೋ ಬರೆದರು. ಅಧ್ಯಕ್ಷರು ಯಾವುದಕ್ಕೂ ಉತ್ತರ ಕೊಡಲಿಲ್ಲ. ಅಂದಿನಿಂದ ಅವರು ಅನಿಸಿಕೆಗಳ ಕಡೆ ತಲೆ ಹಾಕಿದ್ದೂ ಇಲ್ಲ.

ಹೀಗಿರುವಾಗ, ನಮ್ಮ ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯವರು ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇವೆ, ನಿಮ್ಮ ಗಂಟುಮೂಟೆ ತೆಗೆದುಕೊಂಡು ಹೋಗಿ ಎಂದು ಸೂಚನೆ ಕಳಿಸಿದರು. ಬೇರೆ ಕಡೆ ಸಂಘಗಳಿಗೆ ಪುಕ್ಕಟೆ ಜಾಗ ಸಿಕ್ಕಿತು. ಸ್ವಲ್ಪ ಇಕ್ಕಟ್ಟು, ಅಷ್ಟೆ. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಕಮಿಟಿ ಔಷಧಿ ಅಂಗಡಿಯವರ ಮನೆಯಲ್ಲಿ ಸೇರಿತು. ಅವರ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು, ಸುತ್ತ ನಾಲ್ಕು ತಲೆಗಳು: ಅಧ್ಯಕ್ಷರು, ಔಷಧಿ ಅಂಗಡಿಯವರು, ಹಲ್ಲಿನ ಡಾಕ್ಟರಮ್ಮ, ನಾನು.

"ವೆಬ್‌ಸೈಟಿನ ಮಾಹಿತಿಯೆಲ್ಲ ಒಂದು ಬೀರುವಿನ ಒಳಗಿದ್ದ ಹಾಗೆ," ಎಂದು ನಾನು ಶುರು ಮಾಡಿದೆ. "ಬೀರುವಿನಲ್ಲಿ ಖಾನೆಗಳಿವೆ. ಸದಸ್ಯರ ಖಾನೆ, ಗಿಡಗಳ ಖಾನೆ, ಯಾರು ಯಾರಿಗೆ ಏನು ಕೊಟ್ಟರು ಅನ್ನೋ ಖಾನೆ, ಹೀಗೆ. ಪ್ರತಿ ಖಾನೆಯ ಮುಂದೆ ಚೌಕ ಇದೆ ನೋಡಿ. ಯಾವುದಕ್ಕೆ ಟಿಕ್ ಹಾಕ್ತೀವೋ ಅದರ ಬ್ಯಾಕಪ್ ಮಾತ್ರ ಬರುತ್ತೆ. ಟಿಕ್ ಇಲ್ಲದ್ದು ಇಲ್ಲೇ ಉಳಿದು ಕಂಪನಿ ಜೊತೆ ಮುಳುಗುತ್ತೆ."

"ಮತಕ್ಕೆ ಹಾಕೋಣ," ಎಂದರು ಅಧ್ಯಕ್ಷರು. ಅವರಿಗೆ ಮತಕ್ಕೆ ಹಾಕದೆ ಚಹಾ ಕುಡಿದರೂ ಸಮಾಧಾನವಿಲ್ಲ.

ಹಾಗೆ ಒಂದೊಂದು ಖಾನೆಗೂ ಕೈ ಎತ್ತಿ ಮತ ಹಾಕಿದೆವು. ಸದಸ್ಯರು, ಸರ್ವಾನುಮತ. ಗಿಡಗಳು, ಸರ್ವಾನುಮತ. 'ಸೆಟ್ಟಿಂಗ್' ಎಂಬ ಖಾನೆ ಬಂದಾಗ ಔಷಧಿ ಅಂಗಡಿಯವರು, "ಏನು ಅಂತಾನೇ ಗೊತ್ತಿಲ್ಲದ್ದನ್ನ ಹೊತ್ಕೊಂಡು ಹೋಗೋದ್ಯಾಕೆ?" ಎಂದು ಕೈ ಕಟ್ಟಿ ಕುಳಿತರು. ಅದಿಲ್ಲದಿದ್ದರೆ ವೆಬ್‌ಸೈಟಿಗೆ ತನ್ನ ಹೆಸರೇ ಮರೆತುಹೋಗುತ್ತದೆ ಎಂದು ನಾನು ಗೋಗರೆದೆ. ಎರಡಕ್ಕೆರಡು ಮತ ಬಿತ್ತು. ಅಧ್ಯಕ್ಷರು ತಮಗಿರುವ ಇನ್ನೊಂದು ನಿರ್ಣಾಯಕ ಮತ ಕೊಟ್ಟು ಅದರ ಪ್ರಾಣ ಉಳಿಸಿದರು.

ಮುಂದಿನದು ಕರಡುಗಳ ಖಾನೆ. ಯಾರಾದರೂ ಬರೆದದ್ದನ್ನು ತಿದ್ದಿ ಉಳಿಸಿದಾಗಲೆಲ್ಲ ಹಳೆಯ ಪ್ರತಿ ಅಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಬಳಗದಲ್ಲಿ ಬರೆದದ್ದನ್ನು ತಿದ್ದುವವರು ಒಬ್ಬರೇ, ಅಧ್ಯಕ್ಷರು. 'ಅಧ್ಯಕ್ಷರ ಮಾತು' ಎಂಬ ಪುಟವನ್ನು ಅವರು ದಿನಕ್ಕೊಮ್ಮೆ ತೆರೆದು, ಅಲ್ಪವಿರಾಮ ಒಂದನ್ನು ಆಚೆಯಿಂದ ಈಚೆಗೆ ತಂದು ಉಳಿಸುತ್ತಾರೆ. ಮರುದಿನ ಅದನ್ನು ಈಚೆಯಿಂದ ಆಚೆಗೆ ಕಳಿಸುತ್ತಾರೆ. ಹಾಗಾಗಿ ಬೀರುವಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ಖಾನೆ ಅದೇ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ತೂಕ ಬರೆದಿತ್ತು. ಓದಿ ಹೇಳೋಣವೆಂದು ಬಾಯಿ ತೆರೆದವಳು ಮುಚ್ಚಿದೆ; ಅಷ್ಟು ಜನರೆದುರು ಒಬ್ಬರ ಅಲ್ಪವಿರಾಮಗಳನ್ನು ತೂಗುವುದು ಸರಿ ಕಾಣಲಿಲ್ಲ.

"ಕರಡುಗಳು ಇರಲಿ. ಮುಂದೆ ಯಾರಾದರೂ ಬಳಗದ ಚರಿತ್ರೆ ಬರೆಯಬಹುದು," ಎಂದು ಅಧ್ಯಕ್ಷರೇ ಮೊದಲು ಕೈ ಎತ್ತಿದರು.

"ಕೊನೆಗೆ ಅನಿಸಿಕೆಗಳ ಖಾನೆ," ಎಂದೆ.

"ಅದು ಬೇಡ."

"ತುಂಬಾ ಹಗುರ ಇದೆ ಸಾರ್, ಜಾಗ ಏನೂ..."

"ಕಾರ್ಯದರ್ಶಿಗಳೇ, ಇದು ಜಾಗದ ಪ್ರಶ್ನೆ ಅಲ್ಲ, ಗೌರವದ ಪ್ರಶ್ನೆ. ಹೆಸರು ಹೇಳೋಕೆ ಧೈರ್ಯ ಇಲ್ಲದೋರ ಹರಟೆಕಟ್ಟೆ ಅದು. ಹೊಸ ವೆಬ್‌ಸೈಟಿನಲ್ಲಿ ಅನಿಸಿಕೆ ಬರೆಯೋ ವ್ಯವಸ್ಥೆಯೇ ಬೇಡ."

ಮೂರು ಕೈ ಎದ್ದವು. ನನ್ನ ಕೈ ಮಡಿಲಲ್ಲೇ ಉಳಿಯಿತು. ಔಷಧಿ ಅಂಗಡಿಯವರು ಇನ್ನೊಂದು ನಿರ್ಣಯವನ್ನೂ ಸೇರಿಸಿದರು: "ಯಾರ ಗುಟ್ಟೂ ಹೊರಗೆ ಹೋಗಬಾರದು. ಬಳಗದ ಮಾಹಿತಿಯ ಪ್ರತಿ ಯಾರ ಮನೆಯಲ್ಲೂ ಇರಕೂಡದು." ಅದಕ್ಕೂ ಕೈಗಳೆದ್ದವು. ಹೊರಡುವಾಗ ಡಾಕ್ಟರಮ್ಮ ಚಪ್ಪಲಿ ಮೆಟ್ಟುತ್ತಾ ನನ್ನ ಕಿವಿಯಲ್ಲಿ, "ಮೆಣಸಿನಕಾಯಿ ಇಲ್ದಿದ್ರೆ ಸಪ್ಪೆ ಆಗುತ್ತೆ ಅಲ್ವಾ? ಆದ್ರೆ ಅಧ್ಯಕ್ಷರ ಮುಖ ನೋಡೋಕಾಗಲಿಲ್ಲ, ಕೈ ಎತ್ತಿಬಿಟ್ಟೆ," ಎಂದರು.

ಮನೆಗೆ ಬಂದು ಅಕ್ಕನಿಗೆ ಹೇಳುವುದು ಹೇಗೆಂದು ಬಾಗಿಲಲ್ಲೇ ತಡವರಿಸಿದೆ. ಅವಳು ಕುರ್ಚಿಯಲ್ಲಿ ಕೂತು ಯಾರದೋ ಒಣಗಿದ ತುಳಸಿಯ ಮೇಲೆ ಹರಿಹಾಯುತ್ತಿದ್ದಳು.

"ಏನೇ ಪುಟ್ಟಿ, ಮುಖ ಯಾಕೆ ನೆನೆದ ರಟ್ಟಿನ ಹಾಗಿದೆ?"

ಹೇಳಿದೆ. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

"ಬೆಳಗ್ಗೆ ಎದ್ದರೆ ನೀನು ಬೀದಿಗೆ ಹೋಗ್ತೀಯ," ಎಂದಳು ಆಮೇಲೆ. "ಹಾಲಿನೋನ ಹತ್ರ ಮಾತು, ತರಕಾರಿಯೋನ ಹತ್ರ ಜಗಳ. ನನಗಿರೋ ಬೀದಿ ಇದೊಂದೇ ಕಣೇ. ನನ್ನ ಹತ್ರ ಬೈಸ್ಕೊಳ್ಳೋಕೆ ಅಂತಾನೇ ಜನ ಬರ್ತಾರೆ ಇಲ್ಲಿಗೆ. ಅದನ್ನ ಮುಚ್ಚಿಬಿಟ್ರೆ ನಾನು ಈ ಕಿಟಕಿ ಸರಳು ಎಣಿಸಿಕೊಂಡು ಕೂತ್ಕೋಬೇಕು."

"ನಾನು ಬೇರೆ ಕಡೆ ಒಂದು ಪ್ರತಿ..."

"ಮನೇಲಿ ಇಟ್ಕೋಬಾರದು ಅಂತ ನೀವೇ ಮತ ಹಾಕಿದ್ದೀರಲ್ಲ. ಅಲ್ಲದೆ ನಾನು ಬರೆದದ್ದನ್ನ ನಾನೇ ಓದ್ಕೊಂಡು ನಗಲಾ? ಅದೂ ಹೊಸ ಜಾಗಕ್ಕೆ ಹೋಗಬೇಕು. ಇವತ್ತಲ್ಲ ನಾಳೆ ಆ ಮನುಷ್ಯನ ಕೋಪ ಇಳಿಯುತ್ತೆ, ಆಗ ತೆಗೆದು ಹರಡೋಕೆ ಅಲ್ಲೇ ಇರಬೇಕು." ಅಷ್ಟರಲ್ಲಿ ಅವಳ ಕಣ್ಣಿನಲ್ಲಿ ಏನೋ ಹೊಳೆಯಿತು. ಆ ಹೊಳಪು ನನಗೆ ಚೆನ್ನಾಗಿ ಗೊತ್ತು. ನುಸಿಗುಳಿಗೆಯ ವಾಸನೆ ಬಂದಂತಾಯಿತು.

"ಯಾವ ಯಾವ ಖಾನೆ ಹೋಗುತ್ತೆ, ಇನ್ನೊಂದು ಸಲ ಹೇಳು."

ಹೇಳಿದೆ.

"ಕರಡುಗಳದ್ದು ಹೋಗುತ್ತಾ? ದಪ್ಪಗಿದೆಯಾ?"

"ಅಧ್ಯಕ್ಷರದ್ದೇ ತುಂಬಿದೆ. ಅದರೊಳಗೆ ಏನಿದೆ ಅಂತ ಯಾರೂ ನೋಡೋದಿಲ್ಲ."

"ಹಾಗಾದ್ರೆ ಕೋಟು ಸಿಕ್ಕಿತು," ಎಂದಳು ಅಕ್ಕ. "ಅಸ್ತರು ಬಿಚ್ಚು."

ನಾನು ಎಷ್ಟು ಬೇಡವೆಂದರೂ ಅವಳು ಬಿಡಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅಷ್ಟೇನೂ ಬೇಡವೆನ್ನಲಿಲ್ಲ. ಕಮಿಟಿ ಹೇಳಿದ್ದು ಅನಿಸಿಕೆಗಳ ಖಾನೆಗೆ ಟಿಕ್ ಹಾಕಬಾರದೆಂದು. ಹಾಕಲಿಲ್ಲ. ಅನಿಸಿಕೆಗಳನ್ನೆಲ್ಲ ನಕಲು ಮಾಡಿ, 'ಅಧ್ಯಕ್ಷರ ಮಾತು' ಪುಟದ ಇನ್ನೊಂದು ಕರಡು ಎಂಬಂತೆ ಅಂಟಿಸಿ ಉಳಿಸಿದೆ. ಅಷ್ಟು ದೊಡ್ಡ ಮೂಟೆಗಳ ನಡುವೆ ಅದು ಒಂದು ಕರ್ಚೀಫಿನಷ್ಟೂ ಕಾಣಲಿಲ್ಲ.

"ಆ ಪ್ಲಾಸ್ಟಿಕ್ ಹೂವಿಂದು ಎಲ್ಲಕ್ಕಿಂತ ಮೇಲಿರಲಿ," ಎಂದಳು ಅಕ್ಕ.

"ಯಾಕೆ?"

"ನಾನು ಬರೆದದ್ದರಲ್ಲಿ ಅದೇ ಚೆನ್ನಾಗಿರೋದು."

ಮೇಲಿಟ್ಟೆ. ಬೇಕಾದ ಖಾನೆಗಳಿಗೆ ಟಿಕ್ ಹಾಕಿ ಬ್ಯಾಕಪ್ ತೆಗೆದು ಹೊಸ ಜಾಗದಲ್ಲಿ ಬಿಚ್ಚಿದೆ. ಎಲ್ಲವೂ ಸಲೀಸಾಗಿ ಕೂತಿತು. ಕುಂಡದ ಬಳಗಕ್ಕೆ ತನ್ನ ಹೆಸರೂ ನೆನಪಿತ್ತು.

ಹೊಸ ವೆಬ್‌ಸೈಟಿನ ಉದ್ಘಾಟನೆಯನ್ನು ಗ್ರಂಥಾಲಯದ ಹಿಂದಿನ ಸಭಾಂಗಣದಲ್ಲಿ ಇಟ್ಟುಕೊಂಡೆವು. ಗೋಡೆಯ ಮೇಲೆ ದೊಡ್ಡ ಪರದೆ. ಕುರ್ಚಿಗಳು ಭರ್ತಿ. ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಮೊದಲ ಸಾಲಿನಲ್ಲಿ ಅವರ ಹೆಂಡತಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕುಳಿತಿದ್ದರು. ಅತಿ ಮೆತ್ತಗಿನ ಮಾತಿನ ಹೆಂಗಸು. ಎರಡನೇ ಸಾಲಿನಲ್ಲಿ ಕಾಲು ನೋವಿನ ಮುದುಕರೊಬ್ಬರಿಗೆ ಅಡ್ಡವಾಗದಿರಲೆಂದು ತಮ್ಮ ಕುರ್ಚಿಯನ್ನು ಸದ್ದಿಲ್ಲದೆ ಮುಂದಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ.

ಮೊದಲ ಪುಟವನ್ನು ಪ್ರಕಟಿಸುವ ಗುಂಡಿಯನ್ನು ತಾವೇ ಒತ್ತಬೇಕೆಂದು ಅಧ್ಯಕ್ಷರ ಆಸೆ. ಅದು 'ಅಧ್ಯಕ್ಷರ ಮಾತು' ಪುಟವೇ ಆಗಿರಬೇಕೆಂಬುದೂ ಅವರ ಆಸೆ. ಫೋಟೋ ತೆಗೆಯುವವರಿಗಾಗಿ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಎಂದಿನ ಹಾಗೆ ಇತ್ತೀಚಿನ ಕರಡನ್ನು ತೆರೆದರು.

ಇತ್ತೀಚಿನ ಕರಡು ಎಂದರೆ ನಾನು ಕೊನೆಗೆ ಉಳಿಸಿದ್ದು ಎಂಬುದು ನನ್ನ ತಲೆಗೆ ಹೋಗುವಷ್ಟರಲ್ಲಿ ಅವರ ಬೆರಳು ಅಭ್ಯಾಸಬಲದಿಂದ ಒಂದು ಅಲ್ಪವಿರಾಮ ಹಾಕಿಬಿಟ್ಟಿತ್ತು.

"ಸಾರ್, ಒಂದು ನಿಮಿಷ..."

"ಗಡಿಬಿಡಿ ಮಾಡಬೇಡಿ ಕಾರ್ಯದರ್ಶಿಗಳೇ," ಎಂದು ಕ್ಯಾಮೆರಾ ಕಡೆ ನಗುತ್ತಾ ಗುಂಡಿ ಒತ್ತಿದರು.

ಪರದೆ ಬೆಳಗಿತು. ಎಡಗಡೆ ಅಧ್ಯಕ್ಷರ ಭಾವಚಿತ್ರ. ಪುಟದ ಚೌಕಟ್ಟಿನಲ್ಲೇ ಸದಾ ಇರುವ 'ಆತ್ಮೀಯ ಸದಸ್ಯರೇ' ಎಂಬ ಸಂಬೋಧನೆ. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ: "ಅಧ್ಯಕ್ಷರೇ, ಎಸಳಿನ ಅಂಚಿನಲ್ಲಿ ಅಚ್ಚಿನ ಗೆರೆ, ಕಾಣುತ್ತಿದೆ. ಈ ತಳಿಗೆ ನೀರು ಬೇಕಿಲ್ಲ..."

ಸಭೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾಗಲಿಲ್ಲ. ಅಣೆಕಟ್ಟು ಒಡೆದ ಹಾಗೆ ನಗು ನುಗ್ಗಿತು. ಔಷಧಿ ಅಂಗಡಿಯವರು ನಗಬಾರದೆಂದು ತುಟಿ ಕಚ್ಚಿ ಕೆಮ್ಮತೊಡಗಿದರು. ಅಧ್ಯಕ್ಷರು ಎಲ್ಲರೂ ಸಂತೋಷದಿಂದಿದ್ದಾರೆಂದುಕೊಂಡು ತಾವೂ ನಕ್ಕರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಪರದೆಯತ್ತ ತಿರುಗಿದರು. ಆ ನಗು ಅವರ ಮುಖದಿಂದ ಇಳಿಯಿತು. ಅವರು ನನ್ನತ್ತ ನೋಡಿದರು. ಪುಟದ ಅಡಿಯಲ್ಲಿ 'ಕರಡು ಸಿದ್ಧಪಡಿಸಿದವರು: ಕಾರ್ಯದರ್ಶಿ' ಎಂದು ಯಂತ್ರ ಚಾಡಿ ಹೇಳಿತ್ತು.

"ನನ್ನದೇ ಕೆಲಸ ಸಾರ್," ಎಂದೆ.

ಆಗ ಮೊದಲ ಸಾಲಿನಲ್ಲಿ ಅವರ ಹೆಂಡತಿ ಎದ್ದು ನಿಂತರು. ಕೈಚೀಲ ಎದೆಗೊತ್ತಿಕೊಂಡಿದ್ದರು.

"ಯಾರೂ ನಗಬೇಡಿ. ಆ ಹೂ ಇಟ್ಟೋಳು ನಾನು," ಎಂದರು. ದನಿ ಸಣ್ಣದಿತ್ತು. ಆದರೂ ಸಭೆ ಗಪ್ಪೆಂದಿತು. "ಇವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಗಿಡ ನನ್ನ ಕೈಗೆ ಒಪ್ಪಿಸಿದ್ರು. ನಾನು ಪ್ರೀತಿ ಜಾಸ್ತಿಯಾಗಿ ಚೆಂಬುಗಟ್ಟಲೆ ನೀರು ಹಾಕಿದೆ, ಬೇರು ಕೊಳೀತು. ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ದೋರು ಗಳಿಗೆಗೊಂದು ಸಲ 'ಹೂ ಹೇಗಿದೆ' ಅಂತ ಕೇಳೋರು. 'ಸತ್ತೋಯ್ತು' ಅನ್ನೋಕೆ ಬಾಯಿ ಬರಲಿಲ್ಲ. ಅದೇ ಬಣ್ಣದ್ದು ಅಂಗಡೀಲಿ ಸಿಕ್ಕಿತು, ತಂದು ಚುಚ್ಚಿದೆ. ಪಟ್ಟಿ ಬಿಚ್ಚಿದ ಮೇಲೂ ಎಷ್ಟೋ ದಿನ ಮಂಜು ಮಂಜು ಅಂತಿದ್ರಲ್ಲ, ಗೊತ್ತಾಗಲಿಲ್ಲ. ಇವರು ಸುಳ್ಳು ಹೇಳಿದೋರಲ್ಲ."

"ಕೂತ್ಕೋ, ಸಾಕು," ಎಂದರು ಅಧ್ಯಕ್ಷರು ಮೆಲ್ಲಗೆ.

"ನೀವು ನನ್ನನ್ನ ಒಂದು ಮಾತೂ ಕೇಳಲಿಲ್ಲ. ನಿಮಗೆ ಗೊತ್ತೇ ಆಗಲಿಲ್ಲ ಅಂದ್ಕೊಂಡಿದ್ದೆ."

"ಅದನ್ನ ಓದಿದ ದಿನವೇ ಮುಟ್ಟಿ ನೋಡಿದೆ."

"ಮತ್ತೆ ಅದಾದ ಮೇಲೂ ದಿನಾ ನೀರು ಹಾಕ್ತಾನೇ ಇದ್ರಲ್ಲರೀ!"

"ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದೆಯಲ್ಲ," ಎಂದರು ಅಧ್ಯಕ್ಷರು.

ಈ ಸಲ ನಕ್ಕವರು ಬೇರೆ ಥರ ನಕ್ಕರು. ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅವರ ಕನ್ನಡಕ ಮೊದಲೇ ಶುಭ್ರವಾಗಿತ್ತು.

ಪುಟವನ್ನು ಮುಚ್ಚೋಣವೆಂದು ನಾನು ಮೌಸಿಗೆ ಕೈ ಹಾಕಿದೆ. ಗಡಿಬಿಡಿಯಲ್ಲಿ ಪುಟ ಮುಚ್ಚುವ ಬದಲು ಕೆಳಕ್ಕೆ ಸರಿಯಿತು. ಅಧ್ಯಕ್ಷರು ಓದತೊಡಗಿದರು. ಮೊದಲು ಮನಸ್ಸಿನಲ್ಲಿ, ಆಮೇಲೆ ತುಟಿಯಲ್ಲಿ, ಆಮೇಲೆ ಎಲ್ಲರಿಗೂ ಕೇಳುವಂತೆ.

"'ನನ್ನ ಹತ್ತಿರ ಬಿಳಿ ಆರ್ಕಿಡ್ಡಿನ ಮರಿ ಇದೆ. ಬೇಸರ ಮಾಡ್ಕೋಬೇಡಿ, ಬಂದು ತಗೊಂಡು ಹೋಗಿ.' ಔಷಧಿ ಅಂಗಡಿ."

"'ನಮ್ಮ ಮನೇಲೂ ಎರಡು ಸತ್ತಿವೆ ಸಾರ್, ನಾವು ಫೋಟೋ ಹಾಕೋ ಧೈರ್ಯ ಮಾಡಲಿಲ್ಲ ಅಷ್ಟೆ.' ಹಲ್ಲಿನ ಡಾಕ್ಟರು."

ಅದರ ಕೆಳಗೆ ಮೆಣಸಿನಕಾಯಿ ಮತ್ತೆ ಬರೆದಿತ್ತು: "ಅಧ್ಯಕ್ಷರು ಮುನಿಸಿಕೊಂಡ ಹಾಗಿದೆ. ಹೂ ಪ್ಲಾಸ್ಟಿಕ್ಕಾದರೂ ಕುಂಡದಲ್ಲಿ ಹಳೇ ಗಿಡದ ಬೇರು ಇರಬಹುದು, ಬಿಸಾಕಬೇಡಿ. ಮೆತ್ತಗಾದ ಬೇರು ಕತ್ತರಿಸಿ ಹಾಕಿ. ಗಟ್ಟಿಯಾದದ್ದನ್ನು ಇದ್ದಿಲು ಚೂರಿನಲ್ಲಿ ನೆಟ್ಟು, ನೀರನ್ನು ಜಿಪುಣರ ಹಾಗೆ ಕೊಡಿ. ಚಿಗುರಿದರೆ ನನ್ನನ್ನು ಎಲ್ಲರೆದುರು ಬೈಯಿರಿ. ಕಾಯುತ್ತಿರುತ್ತೇನೆ."

ಅಧ್ಯಕ್ಷರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಇದೆಲ್ಲ ಯಾವಾಗ ಬರೆದಿದ್ದು?"

"ಆಗಲೇ ಸಾರ್. ಅದೇ ವಾರ."

"ನಾನು ಮೊದಲನೇದು ಓದಿ ಮುಚ್ಚಿಬಿಟ್ಟೆ," ಎಂದರು. "ಕೆಳಗೆ ನೋಡಲೇ ಇಲ್ಲ."

"ನೀವು ಬರಲೇ ಇಲ್ಲ ಅಂತ ನಮಗೂ ಸ್ವಲ್ಪ ಬೇಜಾರಾಗಿತ್ತು," ಎಂದರು ಔಷಧಿ ಅಂಗಡಿಯವರು. "ಮರಿ ಈಗ ದೊಡ್ಡದಾಗಿದೆ. ಈಗಲೂ ನಿಮ್ಮದೇ."

ಅಧ್ಯಕ್ಷರು ನನ್ನತ್ತ ತಿರುಗಿದರು. "ಕಾರ್ಯದರ್ಶಿಗಳೇ, ಆ ಖಾನೆ... ಈಗ ತರೋಕಾಗುತ್ತಾ?"

"ಹಳೇ ಕಂಪನಿ ಬಾಗಿಲು ಇನ್ನೂ ಮುಚ್ಚಿಲ್ಲ ಸಾರ್. ಒಂದು ಟಿಕ್, ಅಷ್ಟೆ. ಆದರೆ..."

"ಆದರೆ ಏನು? ಜಾಗ ಸಾಲದಾ?"

ಈಗ ಹೇಳಬಹುದು ಅನ್ನಿಸಿತು. "ಸಾಲುತ್ತೆ. ತಮ್ಮ ಅಲ್ಪವಿರಾಮಗಳನ್ನ ಸ್ವಲ್ಪ ಕಮ್ಮಿ ಮಾಡಿದರೆ ಕಾಲು ಚಾಚಿಕೊಂಡೂ ಕೂರಬಹುದು."

ಎಲ್ಲರಿಗಿಂತ ಜೋರಾಗಿ ನಕ್ಕವರು ಅವರ ಹೆಂಡತಿ. "ಮತಕ್ಕೆ ಹಾಕಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಕಿದೆವು. ಸಭಾಂಗಣದ ತುಂಬ ಕೈಗಳೆದ್ದವು. ನಿಧಾನಕ್ಕೆ ಅಧ್ಯಕ್ಷರದ್ದೂ ಎದ್ದಿತು.

"ಒಂದು ಮಾತ್ರ ತಿಳೀಬೇಕು," ಎಂದರು ಅವರು. "ಯಾರು ಈ ಮೆಣಸಿನಕಾಯಿ?"

"ಯಾರ ಗುಟ್ಟೂ ಹೊರಗೆ ಹೋಗಬಾರದು ಅಂತ ಕಮಿಟಿ ನಿರ್ಣಯ ಇದೆ ಸಾರ್," ಎಂದೆ ನಾನು. ಔಷಧಿ ಅಂಗಡಿಯವರು ತಮ್ಮ ನಿರ್ಣಯವನ್ನು ತಾವೇ ಶಪಿಸಿಕೊಂಡರು. ಆದರೆ ಅಧ್ಯಕ್ಷರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಹೊರಡುವಾಗ ಪಕ್ಕಕ್ಕೆ ಬಂದು, ಏನೂ ಅರಿಯದವರ ಹಾಗೆ ಕೇಳಿದರು: "ನಿಮ್ಮಕ್ಕ ಹೇಗಿದ್ದಾರೆ? ಬೀದೀಲಿ ಹೋಗುವಾಗ ಕಾಣೋರು. ಇನ್ನೂ ಲ್ಯಾಪ್‌ಟಾಪ್ ಹಿಡ್ಕೊಂಡು ಕಿಟಕಿ ಹತ್ರಾನೇ ಕೂರ್ತಾರಾ?"

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಗೋಡೆ ನಡುಗುವ ಹಾಗೆ ನಕ್ಕು, ಸೊಂಟ ಹಿಡಿದುಕೊಂಡು "ಅಯ್ಯೋ" ಎಂದಳು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಯ ಮಾತು ಬಂದಾಗ ಮಾತ್ರ ಅವಳ ನಗು ನಿಂತಿತು. "ಗೆರೆ ಕಂಡಿತು ನನಗೆ," ಎಂದಳು, "ಅದನ್ನ ಚುಚ್ಚಿದ ಕೈ ಕಾಣಲಿಲ್ಲ." ಆಮೇಲೆ ದಿಗಿಲುಬಿದ್ದು, "ಪುಟ್ಟಿ, ಆಯಮ್ಮನಿಗೆ ಗೊತ್ತಾಗಿದೆ ಅಂತೀಯಾ? ಮನೆಗೆ ಬಂದರೆ? ಮೆಣಸಿನಕಾಯಿ ಮನೇಲಿ ಒಂದು ಗರಿಕೆಯೂ ಇಲ್ಲ ಅಂತ ಊರಿಗೆಲ್ಲ ಗೊತ್ತಾಗಿಬಿಡುತ್ತೆ. ನಿನ್ನ ಬಾಲ್ಕನಿಯಿಂದ ಒಂದು ಕುಂಡ ತಂದು ಇಲ್ಲಿಡು!"

"ಹೊತ್ಕೊಂಡು ಬಂದು ನನ್ನ ಸೊಂಟಾನೂ ಮುರ್ಕೊಳ್ಳಲಾ? ಯಾರೂ ಬರೋದಿಲ್ಲ, ಸುಮ್ನಿರು," ಎಂದೆ.

ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಧ್ಯಕ್ಷರು, ಒಬ್ಬರೇ. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. "ನಿಮ್ಮಕ್ಕನವರಿಗೆ ಹುಷಾರಿಲ್ಲ ಅಂತ ನಮ್ಮನೆಯವಳು ಹೇಳಿದಳು," ಎಂದರು. ಒಳಗೆ ಬರುವ ಮುನ್ನ ಕಾಲೊರಸಿನ ಮೇಲೆ ಚಪ್ಪಲಿಯನ್ನು ನೇರವಾಗಿ ಜೋಡಿಸಿದರು. ಅಲ್ಪವಿರಾಮ ಸರಿಪಡಿಸುವ ಹಾಗೆ.

ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಪರದೆಯ ಮೇಲೆ ಅರ್ಧ ಬರೆದ ಬೈಗುಳ. ಮುಚ್ಚಲು ಹೊತ್ತಾಗಲಿಲ್ಲ. ಅಧ್ಯಕ್ಷರ ಕಣ್ಣು ಪರದೆಯ ಮೇಲೆ ಹೋಯಿತು. ಅಲ್ಲಿಂದ ಕಿಟಕಿಗೆ. ಕಿಟಕಿಯ ಕಟ್ಟೆಯ ಮೇಲೆ ಔಷಧಿ ಶೀಶೆ, ನೀರಿನ ಲೋಟ, ಬಾಚಣಿಗೆ. ಆಮೇಲೆ ಕೋಣೆಯ ನಾಲ್ಕು ಮೂಲೆಗೆ. ಎಲ್ಲಿಯೂ ಒಂದು ಹಸಿರು ಎಲೆಯಿರಲಿಲ್ಲ. ನನ್ನ ಅಕ್ಕ, ಅಚ್ಚುಕೂಟದ ಯಜಮಾನರಿಗೂ ಎದುರು ಮಾತಾಡಿದವಳು, ಮುಖ ತಿರುಗಿಸಿ ಕಿಟಕಿಯ ಸರಳು ಎಣಿಸತೊಡಗಿದಳು.

ಅಧ್ಯಕ್ಷರ ಮೀಸೆಯ ಕೆಳಗೆ ನಗುವೊಂದು ಸಣ್ಣಗೆ ಅಲುಗಿ, ನಿಂತಿತು. ಅವರು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ಮಂಚದ ಮೇಲಿಟ್ಟರು. ಡಬ್ಬಿಯ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ಬಿಸಿ ಅನ್ನದ ಹಬೆ ಅವಳ ಮುಖಕ್ಕೆ ರಾಚದಂತೆ ಒಂದು ಗಳಿಗೆ ಹಾಗೇ ಹಿಡಿದಿದ್ದು, ಆಮೇಲೆ ಚಮಚದ ಸಮೇತ ಅವಳ ಎರಡೂ ಕೈಗಳಿಗೆ ಕೊಟ್ಟರು.